ಬಾಗಿಲು ಹಾಕದ ಅಂಗಡಿಯ ಹಾಡು

ಜಪಾನಿನ ದೊಡ್ಡ ಅಂಗಡಿಗಳಲ್ಲಿ ಬಾಗಿಲು ಹಾಕುವ ಹೊತ್ತಾದಾಗ ಒಂದು ಧಾಟಿ ತೇಲಿ ಬರುತ್ತದೆ. ಅದು ಕಿವಿಗೆ ಬಿದ್ದೊಡನೆ ಗಿರಾಕಿಗಳು ಕೈಯಲ್ಲಿ ಹಿಡಿದ ಸಾಮಾನಿನೊಂದಿಗೆ ಗಲ್ಲಾದ ಕಡೆ ನಡೆಯುತ್ತಾರೆ. 'ಹೊತ್ತಾಯಿತು, ಹೊರಡಿ' ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಧಾಟಿ ಸ್ಕಾಟ್ಲೆಂಡಿನದು. 1881ರ ಶಾಲಾ ಹಾಡುಗಳ ಪುಸ್ತಕಕ್ಕೆ ಸೇರಿ, ಜಪಾನಿ ಮಾತು ತೊಟ್ಟು, 'ಹೊತಾರು ನೊ ಹಿಕಾರಿ', ಅಂದರೆ 'ಮಿಂಚುಹುಳದ ಬೆಳಕು' ಎಂಬ ಹೆಸರಿನಲ್ಲಿ ಆ ದೇಶದ ಬೀಳ್ಕೊಡುಗೆಯ ಹಾಡಾಯಿತು. ಅಂಗಡಿಗಳಲ್ಲಿ ಕೇಳಿಸುವುದು ಅದರ ವಾಲ್ಟ್ಸ್ ರೂಪ. ಅದನ್ನು ಹಾಗೆ ಅಳವಡಿಸಿದವರು ಫುಕುಶಿಮಾದಲ್ಲಿ ಹುಟ್ಟಿದ ಸಂಗೀತಗಾರ ಕೊಸೆಕಿ ಯೂಜಿ. ತಮಾಷೆಯೆಂದರೆ, ಆ ಧ್ವನಿಮುದ್ರಿಕೆ ಹೊರಬಂದದ್ದು 'ಯುಜೀನ್ ಕಾಸ್ಮನ್' ಎಂಬ ಪಾಶ್ಚಾತ್ಯ ಹೆಸರಿನಲ್ಲಿ. ಯೂಜಿ ಕೊಸೆಕಿ ಎಂಬುದನ್ನೇ ತುಸು ತಿರುಚಿದರೆ ಆಗುವ ಹೆಸರದು.

ಆದರೆ ಜಪಾನಿನ ಬೀದಿಬೀದಿಯ ಮೂಲೆಯಲ್ಲಿರುವ ಒಂದು ಬಗೆಯ ಅಂಗಡಿಗೆ ಮಾತ್ರ ಈ ಬೀಳ್ಕೊಡುಗೆಯ ಹಾಡು ಬೇಕಾಗಲೇ ಇಲ್ಲ. ಅದಕ್ಕೆ ಕಾರಣ ಸರಳ. ಆ ಅಂಗಡಿ ಬಾಗಿಲು ಹಾಕುವುದಿಲ್ಲ. ಅದರ ಹೆಸರು ಕೊಂಬಿನಿ. ಬಾಗಿಲು ಹಾಕದ ಅಂಗಡಿಗೆ ಬೇರೆಯದೇ ಹಾಡು ಬೇಕಾಯಿತು. ಆ ಹಾಡನ್ನು ಅದು ಎಲ್ಲಿಂದ, ಯಾರ ಕೊರಳಿನಿಂದ ತಂದುಕೊಂಡಿತು ಎಂಬುದೇ ನಾವು ಇಲ್ಲಿ ಹೇಳಹೊರಟಿರುವ ಕತೆ.

ಮೊದಲು ಅಂಗಡಿಯ ಚರಿತ್ರೆ. 1974ರ ಮೇ ತಿಂಗಳಲ್ಲಿ ಟೋಕಿಯೊದ ತೊಯೊಸು ಎಂಬಲ್ಲಿ, ಅದುವರೆಗೆ ಮದ್ಯ ಮಾರುತ್ತಿದ್ದ ಒಂದು ಸಣ್ಣ ಅಂಗಡಿ ಸೆವೆನ್ ಇಲೆವೆನ್ ಎಂಬ ಅಮೆರಿಕದ ಹೆಸರು ಹೊತ್ತು ತೆರೆದುಕೊಂಡಿತು. ಮೊದಲ ಗಿರಾಕಿ ಕೊಂಡದ್ದು ಒಂದು ತಂಪು ಕನ್ನಡಕ. ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ ತೆರೆದಿರುವುದೆಂದೇ ಆ ಹೆಸರು. ಆದರೆ ಮರುವರ್ಷವೇ, 1975ರಲ್ಲಿ, ಫುಕುಶಿಮಾ ಪ್ರಾಂತದ ಕೊರಿಯಾಮಾ ನಗರದ ಅಂಗಡಿಯೊಂದು ಹಗಲಿರುಳೂ ತೆರೆದಿರಲಾರಂಭಿಸಿತು. ಹೆಸರು ಹಾಗೇ ಉಳಿಯಿತು, ಅರ್ಥ ಹಿಂದೆ ಬಿತ್ತು. ಅದೇ ವರ್ಷ ಒಸಾಕಾ ಪ್ರಾಂತದಲ್ಲಿ ಲಾಸನ್ ಬಂತು. ಅಮೆರಿಕದ ಓಹಾಯೊದಲ್ಲಿ ಹಾಲಿನ ವ್ಯಾಪಾರಿಯೊಬ್ಬನಿಂದ ಹುಟ್ಟಿದ ಹೆಸರದು. ಇಂದಿಗೂ ಅದರ ಫಲಕದ ಮೇಲೆ ಹಾಲಿನ ಕ್ಯಾನು ಇದೆ. 1981ರಲ್ಲಿ ಫ್ಯಾಮಿಲಿಮಾರ್ಟ್ ಪ್ರತ್ಯೇಕ ಕಂಪನಿಯಾಯಿತು. ಇಂದು ಆ ದೇಶದಲ್ಲಿ 55,000ಕ್ಕೂ ಹೆಚ್ಚು ಕೊಂಬಿನಿಗಳಿವೆ. ಸೆವೆನ್ ಇಲೆವೆನ್ ಒಂದರದೇ ಸುಮಾರು 21,000. ಸಾಲ ಕೊಟ್ಟ ಅಮೆರಿಕದ ತಾಯಿ ಕಂಪನಿ ಸೋತು ಕುಳಿತಾಗ, 1991ರಲ್ಲಿ ಅದರ ಬಹುಪಾಲು ಷೇರುಗಳನ್ನು ಜಪಾನಿನ ಶಿಷ್ಯರೇ ಕೊಂಡುಕೊಂಡರು.

ಕೊಂಬಿನಿಯನ್ನು ನಮ್ಮ ಕಿರಾಣಿ ಅಂಗಡಿಯಂತೆ ಕಲ್ಪಿಸಿಕೊಂಡರೆ ತಪ್ಪಾಗುತ್ತದೆ. ಅಲ್ಲಿ ಚೌಕಾಸಿ ಇಲ್ಲ, ಕಡ ಇಲ್ಲ, 'ನಾಳೆ ಕೊಡು ಬಿಡಿ' ಎನ್ನುವ ಮಾಲೀಕನೂ ಇಲ್ಲ. ಬದಲಿಗೆ ಬದುಕಿಗೆ ಬೇಕಾದ ಅನೇಕ ಕೆಲಸಗಳು ಅಲ್ಲಿ ನಡೆಯುತ್ತವೆ. 1978ರಿಂದ ಅಲ್ಲಿ ಕಡಲಪಾಚಿ ಸುತ್ತಿದ ಅನ್ನದ ಉಂಡೆ ಸಿಗುತ್ತದೆ. 1987ರಿಂದ ಟೋಕಿಯೊ ವಿದ್ಯುತ್ ಕಂಪನಿಯ ಕರೆಂಟು ಬಿಲ್ಲನ್ನು ಸೆವೆನ್ ಇಲೆವೆನ್‌ನಲ್ಲಿ ಕಟ್ಟಬಹುದಾಯಿತು. ಈ ಕರೆಂಟು ಬಿಲ್ಲಿನ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾವು ಅದಕ್ಕೆ ಮರಳಿ ಬರುತ್ತೇವೆ.

ಇನ್ನು ಜಾಹೀರಾತಿನ ಹಾಡಿನ ಚರಿತ್ರೆ. ಜಪಾನಿನಲ್ಲಿ ಖಾಸಗಿ ರೇಡಿಯೊ ಆರಂಭವಾದದ್ದು 1951ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಮೊದಲ ಜಾಹೀರಾತು ಹಾಡೂ ಬಂತು. ಫೋಟೊ ಫಿಲ್ಮು ತಯಾರಿಸುವ ಕಂಪನಿಯೊಂದಕ್ಕಾಗಿ ಅದನ್ನು ರಚಿಸಿದವರು ಮಿಕಿ ತೊರಿರೊ. ಹವ್ಯಾಸಿ ಛಾಯಾಗ್ರಾಹಕನೊಬ್ಬನನ್ನು ಕುರಿತ ತಮಾಷೆಯ ಆ ಹಾಡಿನಲ್ಲಿ ಕಂಪನಿಯ ಹೆಸರೇ ಇರಲಿಲ್ಲ, ಸರಕಿನ ಹೆಸರೂ ಇರಲಿಲ್ಲ. ಮಾರುವವನು ತನ್ನ ಹೆಸರು ಹೇಳದೆ ಮಾರುವ ಕಲೆ ಜಪಾನಿಗೆ ಮೊದಲ ದಿನವೇ ಗೊತ್ತಿತ್ತು.

ಈ ಮಿಕಿ ತೊರಿರೊ ಯಾರು? ಯುದ್ಧದಲ್ಲಿ ಸೋತು ಹಸಿದು ಕುಳಿತಿದ್ದ ದೇಶವನ್ನು ನಗಿಸಿದವರು. 1947ರಿಂದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ರೇಡಿಯೊದಲ್ಲಿ ಪ್ರತಿ ಭಾನುವಾರ ಅವರ ವಿಡಂಬನೆಯ ಹಾಡುಗಳು ಬರುತ್ತಿದ್ದವು. ಮಂತ್ರಿಗಳು, ಅಧಿಕಾರಿಗಳು, ಕಾಳಸಂತೆಯವರು ಯಾರನ್ನೂ ಅವು ಬಿಡುತ್ತಿರಲಿಲ್ಲ. ಜನ ನಕ್ಕಷ್ಟೂ ಅಧಿಕಾರದ ಕಣ್ಣು ಕೆಂಪಾಗುತ್ತಿತ್ತು. 1954ರ ಹೊತ್ತಿಗೆ ಆ ಸರಣಿ ನಿಂತೇಹೋಯಿತು. ಅದೇ ಕೊರಳು, ಅದೇ ಚುರುಕು, ಮುಂದೆ ಸಾಬೂನು ಔಷಧಿಗಳ ಜಾಹೀರಾತಿಗೆ ಹರಿಯಿತು. ಅಂದರೆ ಜಪಾನಿನಲ್ಲಿ ವಿಡಂಬನೆಯ ಹಾಡೂ ಜಾಹೀರಾತಿನ ಹಾಡೂ ಒಂದೇ ಮನೆಯ ಮಕ್ಕಳು. ಒಂದನ್ನು ಮನೆಯಿಂದ ಹೊರಹಾಕಿದರು, ಇನ್ನೊಂದಕ್ಕೆ ಕೆಲಸ ಕೊಟ್ಟರು.

1970ರ ದಶಕದಲ್ಲಿ ಇನ್ನೊಂದು ಬದಲಾವಣೆಯಾಯಿತು. ಸರಕಿನ ಹೆಸರು ಕೂಗುವ ಹಾಡಿನ ಬದಲು, ಹೆಸರಾಂತ ಗಾಯಕರ ಸ್ವತಂತ್ರ ಹಾಡನ್ನೇ ಜಾಹೀರಾತಿಗೆ ಬಳಸುವ ಪದ್ಧತಿ ಬಂತು. ಇದಕ್ಕೆ ಅಲ್ಲಿನವರು 'ತಾಯ್‌ಅಪ್ಪು' ಎನ್ನುತ್ತಾರೆ. ಇಂಗ್ಲಿಷಿನ ಟೈ ಅಪ್ ಜಪಾನಿ ನಾಲಗೆಯಲ್ಲಿ ಪಡೆದ ರೂಪ. ಸೌಂದರ್ಯ ಸಾಧನಗಳ ಶಿಸೈಡೊ ಕಂಪನಿ 1978ರ ಬೇಸಿಗೆಯಲ್ಲಿ ಯಜಾವಾ ಎಕಿಚಿಯ ಹಾಡನ್ನು ಬಳಸಿತು. ಆ ಹಾಡು ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಯಮಾಶಿತಾ ತತ್ಸುರೊ 1983ರಲ್ಲಿ ಹಾಡಿದ ಕ್ರಿಸ್ಮಸ್ ಗೀತೆ, ರೈಲ್ವೆ ಕಂಪನಿಯೊಂದರ ಜಾಹೀರಾತಿಗೆ ಸೇರಿದ ಮೇಲೆ 1989ರಲ್ಲಿ ಮೊದಲ ಸ್ಥಾನ ಮುಟ್ಟಿತು. ಹಾಡು ಸರಕನ್ನು ಮಾರುತ್ತಿತ್ತು, ಸರಕು ಹಾಡನ್ನು ಮಾರುತ್ತಿತ್ತು. ಜಪಾನಿನ ಟೀವಿ ಜಾಹೀರಾತು ಹೆಚ್ಚಾಗಿ ಹದಿನೈದು ಸೆಕೆಂಡಿನದು. ಆ ಹದಿನೈದು ಸೆಕೆಂಡಿಗೆ ಹೊಂದುವ ಒಂದು ತುಣುಕು ಸಿಕ್ಕಿದರೆ ಗಾಯಕನ ಹಣೆಬರಹವೇ ಬದಲಾಗುತ್ತಿತ್ತು.

ಈಗ ಕೊಂಬಿನಿಯ ಹಾಡಿಗೆ ಬರೋಣ. 2011ರಿಂದ ಸೆವೆನ್ ಇಲೆವೆನ್ ಜಾಹೀರಾತುಗಳಲ್ಲಿ ಒಂದು ಹಾಡು ಕೇಳಿಬರತೊಡಗಿತು. ಹೆಸರು 'ಡೇಡ್ರೀಮ್ ಬಿಲೀವರ್'. ಒಂದು ದಶಕಕ್ಕೂ ಹೆಚ್ಚು ಕಾಲ ಅದು ಆ ಕಂಪನಿಯ ಗುರುತೇ ಆಯಿತು. ಅಂಗಡಿಯೊಳಗೂ ಅದೇ ಧಾಟಿ ವಾದ್ಯಗಳಲ್ಲಿ ಕೇಳಿಸುತ್ತದೆ. ಜಪಾನಿನ ಶಾಲೆಯ ಮಗುವೊಂದಕ್ಕೆ ಈ ಹಾಡು ಯಾರದೆಂದು ಕೇಳಿದರೆ 'ಸೆವೆನ್ ಇಲೆವೆನ್‌ದು' ಎಂಬ ಉತ್ತರ ಬಂದರೆ ಅಚ್ಚರಿಯಿಲ್ಲ. ಆದರೆ ಅಂಗಡಿ ಅದರ ಕೊನೆಯ ನಿಲ್ದಾಣ ಮಾತ್ರ. ಹೊರಟದ್ದು ಬೇರೆಡೆಯಿಂದ.

ಹಾಡನ್ನು ಬರೆದದ್ದು ಅಮೆರಿಕದ ಜಾನ್ ಸ್ಟೂವರ್ಟ್. 1967ರಲ್ಲಿ ಅದನ್ನು ಹಾಡಿದ್ದು ಮಂಕೀಸ್ ಎಂಬ ತಂಡ. ಟೀವಿ ಧಾರಾವಾಹಿಗೆಂದೇ ಕಟ್ಟಿದ ತಂಡವದು. ಅಲ್ಲೂ ಕಂಪನಿಯ ಕೈಯಾಡಿತ್ತು. ಕೇಳುಗರಿಗೆ ಮುಜುಗರವಾದೀತೆಂದು ಮೂಲದ ಒಂದು ಪದವನ್ನು ಬದಲಿಸಿ ಸಪ್ಪೆ ಪದ ಹಾಕಿಸಿದ ಮೇಲೆಯೇ ಅದು ಹೊರಬಂತು, ಆ ವರ್ಷದ ಡಿಸೆಂಬರಿನಲ್ಲಿ ಮೊದಲ ಸ್ಥಾನಕ್ಕೇರಿತು. ಮೂಲ ಹಾಡು ಬೆಳಿಗ್ಗೆದ್ದು ಕ್ಷೌರ ಮಾಡಿಕೊಳ್ಳುವ ಗಂಡನೊಬ್ಬನ, ಹಳತಾಗುತ್ತಿರುವ ದಾಂಪತ್ಯದ ಸಾಮಾನ್ಯ ದಿನವೊಂದರದು.

ಜಪಾನಿನಲ್ಲಿ ಕೇಳಿಸುವುದು ಅದರ ಅನುವಾದವಲ್ಲ. 1989ರಲ್ಲಿ 'ದಿ ಟೈಮರ್ಸ್' ಎಂಬ ತಂಡ ಅದೇ ಧಾಟಿಗೆ ಹೊಸ ಮಾತು ಕಟ್ಟಿ ಹಾಡಿತು. ಉರ್ದುವಿನಲ್ಲಿ ಧಾಟಿಗೆ 'ತರ್ಜ್' ಎನ್ನುತ್ತಾರೆ. ಸಿನಿಮಾ ಹಾಡಿನ ತರ್ಜ್‌ನಲ್ಲಿ ನಾತ್ ಹಾಡುವುದನ್ನು ಕೇಳುತ್ತಲೇ ಬೆಳೆದ ನಮಗೆ ಇದು ಹೊಸತೇನಲ್ಲ. ಧಾಟಿ ಸಾಲ ತಂದದ್ದು, ಎದೆಯೊಳಗಿನ ಮಾತು ಸ್ವಂತದ್ದು. ಟೈಮರ್ಸ್‌ನ ಗಾಯಕ ಕಟ್ಟಡ ಕೆಲಸದವರ ಹೆಲ್ಮೆಟ್ ತೊಟ್ಟು, ಕಪ್ಪು ಕನ್ನಡಕ ಹಾಕಿ, 'ಜೆರಿ' ಎಂಬ ಹೆಸರಿನಲ್ಲಿ ವೇದಿಕೆಗೆ ಬರುತ್ತಿದ್ದ. ತಂಡದ ಹೆಸರೇ ಗಾಂಜಾಕ್ಕಿರುವ ಜಪಾನಿ ಪದದೊಡನೆ ಆಡಿದ ಚೇಷ್ಟೆ. ಅವನು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆತ ಇಮಾವಾನೊ ಕಿಯೋಶಿರೊ, ಜಪಾನಿನ ರಾಕ್ ಸಂಗೀತದ ದೊಡ್ಡ ಹೆಸರು.

ಆತ ಮುಖ ಮರೆಸಿಕೊಂಡದ್ದೇಕೆ? ಒಂದು ವರ್ಷ ಹಿಂದೆ ಹೋಗಬೇಕು. 1988ರಲ್ಲಿ ಕಿಯೋಶಿರೊನ ಆರ್‌ಸಿ ಸಕ್ಸೆಷನ್ ತಂಡ ಪಾಶ್ಚಾತ್ಯ ಹಾಡುಗಳ ಧಾಟಿಗೆ ಜಪಾನಿ ಮಾತು ಹೊಸೆದು 'ಕವರ್ಸ್' ಎಂಬ ಸಂಪುಟ ಸಿದ್ಧಪಡಿಸಿತು. ಚೆರ್ನೋಬಿಲ್ ದುರಂತ ನಡೆದು ಆಗ ಎರಡೇ ವರ್ಷ. ಸಂಪುಟದ ಕೆಲವು ಹಾಡುಗಳು ಅಣುವಿದ್ಯುತ್ತನ್ನು ನೇರವಾಗಿ ಟೀಕಿಸುತ್ತಿದ್ದವು. ಧ್ವನಿಮುದ್ರಿಕೆಯ ಕಂಪನಿ ತೋಷಿಬಾ ಇಎಂಐ. ಅದರ ಪೋಷಕ ಸಂಸ್ಥೆ ತೋಷಿಬಾ ಅಣು ರಿಯಾಕ್ಟರುಗಳನ್ನು ಕಟ್ಟುವ ಸಂಸ್ಥೆ. ಸಂಪುಟದ ಬಿಡುಗಡೆ ನಿಂತಿತು. ಪತ್ರಿಕೆಯಲ್ಲಿ ಬಂದ ಜಾಹೀರಾತು ಜಪಾನಿನ ಸಂಗೀತ ಚರಿತ್ರೆಯಲ್ಲೇ ಅತ್ಯಂತ ವಿಚಿತ್ರವಾದದ್ದು: ಸಂಪುಟ ಅತಿಯಾಗಿ ಸೊಗಸಾಗಿರುವುದರಿಂದ ಬಿಡುಗಡೆ ಮಾಡಲಾಗುತ್ತಿಲ್ಲ ಎಂಬರ್ಥದ ಒಕ್ಕಣೆ. ಕೊನೆಗೆ ಬೇರೊಂದು ಕಂಪನಿ ಅದೇ ವರ್ಷದ ಆಗಸ್ಟ್ 15ರಂದು, ಯುದ್ಧ ಮುಗಿದ ದಿನದಂದು, ಅದನ್ನು ಹೊರತಂದಿತು. ತಡೆದದ್ದೇ ಪ್ರಚಾರವಾಯಿತು. ಸಂಪುಟ ಮೊದಲ ಸ್ಥಾನಕ್ಕೇರಿತು.

ಟೈಮರ್ಸ್ ಹುಟ್ಟಿದ್ದು ಆ ಕೋಪದಲ್ಲಿ. 1989ರ ಅಕ್ಟೋಬರಿನಲ್ಲಿ ಟೀವಿಯ ನೇರಪ್ರಸಾರದ ಸಂಗೀತ ಕಾರ್ಯಕ್ರಮವೊಂದಕ್ಕೆ ಅವರನ್ನು ಕರೆದರು. ಅಭ್ಯಾಸದಲ್ಲಿ ಹಾಡಿ ತೋರಿಸಿದ್ದು ಒಂದು, ನೇರಪ್ರಸಾರದಲ್ಲಿ ಹಾಡಿದ್ದು ಇನ್ನೊಂದು. ತಮ್ಮ ಹಾಡುಗಳನ್ನು ಪ್ರಸಾರಕ್ಕೆ ಬಿಡದ ಎಫ್‌ಎಂ ರೇಡಿಯೊ ಕೇಂದ್ರವೊಂದನ್ನು ಹೆಸರು ಹಿಡಿದು ಬೈಯುವ ಹಾಡನ್ನು ದೇಶವೇ ಕೇಳುವಂತೆ ಹಾಡಿಬಿಟ್ಟರು. ನಿರೂಪಕ ಕ್ಷಮೆ ಕೇಳಬೇಕಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಬೈಗುಳದ ಹಾಡು ಮುಗಿಯುತ್ತಲೇ, ಅದೇ ವೇದಿಕೆಯಲ್ಲಿ, ಅದೇ ಹೆಲ್ಮೆಟ್ಟಿನಲ್ಲಿ ಅವರು ಹಾಡಿದ್ದು 'ಡೇಡ್ರೀಮ್ ಬಿಲೀವರ್'. ಇಂದು ಅನ್ನದ ಉಂಡೆ ಮಾರುವ ಹಾಡು ಅದೇ.

ಅಷ್ಟೊಂದು ಕೋಪದ ನಡುವೆ ಇಷ್ಟು ಮೃದುವಾದ ಹಾಡು ಎಲ್ಲಿಂದ ಬಂತು? ಕಿಯೋಶಿರೊ ಮೂರು ವರ್ಷದ ಮಗುವಾಗಿದ್ದಾಗ ಹೆತ್ತ ತಾಯಿ ತೀರಿಕೊಂಡಿದ್ದರು. ಸಾಕಿದ್ದು ತಾಯಿಯ ಸೋದರಿ ಮತ್ತು ಅವರ ಪತಿ. ಹೆತ್ತವಳ ಬಗ್ಗೆ ಆತನಿಗೆ ಸರಿಯಾಗಿ ತಿಳಿದದ್ದು ನಡುವಯಸ್ಸು ಸಮೀಪಿಸಿದ ಮೇಲೆ. ಆತನ ಜಪಾನಿ ಮಾತುಗಳಲ್ಲಿ ಅಮೆರಿಕದ ದಾಂಪತ್ಯ ಮಾಯವಾಗಿ, ಇಲ್ಲವಾದ ಒಬ್ಬಳ ನೆನಪು ಬಂದು ಕುಳಿತಿದೆ. ಆಕೆ ತಾಯಿಯೇ ಎಂದು ಅಭಿಮಾನಿಗಳು ಓದಿಕೊಂಡಿದ್ದಾರೆ. ಕತೆ ಬರೆಯುವ ನಮಗೂ ಹಾಗೆಯೇ ಅನ್ನಿಸುತ್ತದೆ. ನೋಡಿದ ನೆನಪೇ ಇಲ್ಲದ ತಾಯಿಯನ್ನು ಸ್ವಂತ ಧಾಟಿಯಲ್ಲಿ ಕರೆಯಲು ಸಂಕೋಚವಾದವನು, ಪರದೇಶದ ಧಾಟಿಯ ಮರೆಯಲ್ಲಿ, ಹೆಲ್ಮೆಟ್ಟಿನ ಮರೆಯಲ್ಲಿ ನಿಂತು ಕರೆದಿರಬಹುದು.

ಕಿಯೋಶಿರೊ 2009ರ ಮೇ 2ರಂದು, 58ರ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಟೋಕಿಯೊದ ಅಯೊಯಾಮಾದಲ್ಲಿ ಅಂತಿಮ ನಮನಕ್ಕೆ 40,000ಕ್ಕೂ ಹೆಚ್ಚು ಜನ ಸಾಲುಗಟ್ಟಿ ನಿಂತರು. ಎರಡು ವರ್ಷದ ಬಳಿಕ, 2011ರ ಮಾರ್ಚ್ 11ರಂದು, ಭೂಕಂಪ ಮತ್ತು ಸುನಾಮಿ ಬಂತು. ಫುಕುಶಿಮಾ ಅಣುಸ್ಥಾವರದ ಮೂರು ರಿಯಾಕ್ಟರುಗಳು ಕರಗಿದವು. ಅವುಗಳಲ್ಲಿ ಮೂರನೆಯದು ತೋಷಿಬಾ ಕಟ್ಟಿದ್ದು. ಸ್ಥಾವರದ ಒಡೆಯರು ಟೋಕಿಯೊ ವಿದ್ಯುತ್ ಕಂಪನಿ. 1988ರಲ್ಲಿ ತಡೆಹಿಡಿದಿದ್ದ ಹಾಡುಗಳನ್ನು ಜನ ಹುಡುಕಿ ಹುಡುಕಿ ಕೇಳತೊಡಗಿದರು.

ಅದೇ ವರ್ಷ ಅದೇ ಗಾಯಕನ ಇನ್ನೊಂದು ಹಾಡು ಕೊಂಬಿನಿಯ ಜಾಹೀರಾತಿಗೆ ಬಂತು. ಅಣುವಿದ್ಯುತ್ತಿನ ವಿರುದ್ಧ ಹಾಡಿದವನ ಕೊರಳು ಕರೆಯುವ ಅಂಗಡಿಯ ಗಲ್ಲಾದಲ್ಲೇ ಜನ ಅಣುಸ್ಥಾವರದ ಒಡೆಯರಿಗೆ ಕರೆಂಟು ಬಿಲ್ಲು ಕಟ್ಟುತ್ತಿದ್ದರು. ಇದರಲ್ಲಿ ಯಾರದೋ ಸಂಚು ಇತ್ತೆಂದು ನಾವು ಹೇಳುತ್ತಿಲ್ಲ. ಕಂಪನಿಗೆ ಬೇಕಿದ್ದದ್ದು ದಿನನಿತ್ಯದ ಬದುಕಿಗೆ ಹೊಂದುವ, ತಾಯಿಯ ಕೈಯಂತೆ ಬೆಚ್ಚಗಿನ ಒಂದು ಧ್ವನಿ. ಅದು ಸಿಕ್ಕಿತು. ಆದರೆ ಇತಿಹಾಸ ಯಾರೂ ಸಂಚು ಹೂಡದೆಯೂ ಇಂಥ ಹಾಸ್ಯ ಮಾಡುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಬಂಡಾಯದ ಹಾಡನ್ನು ಮಾರುಕಟ್ಟೆ ಕದ್ದುಕೊಂಡಿತು ಎಂದು ಕಣ್ಣೀರು ಹಾಕುವುದು ಸುಲಭ. ಹಾಗೆ ನೋಡಿದರೆ ಈ ಹಾಡು 1989ರಲ್ಲೇ ಜಾಹೀರಾತಿನದು. ಆಗಲೇ ಅದು ಒಂದು ಕಪ್ ನೂಡಲ್ಸಿನ ಜಾಹೀರಾತಿಗೆ ಬಳಕೆಯಾಗಿತ್ತು. ಕಿಯೋಶಿರೊ ಮಾರುಕಟ್ಟೆಯಿಂದ ದೂರ ಕುಳಿತ ಸನ್ಯಾಸಿಯಲ್ಲ. ಒಂದು ಕೈಯಲ್ಲಿ ಬೈದ, ಇನ್ನೊಂದು ಕೈಯಲ್ಲಿ ಸಂಭಾವನೆ ಪಡೆದ. ಮಿಕಿ ತೊರಿರೊನ ಕಾಲದಿಂದಲೂ ಅಲ್ಲಿನ ಕಲಾವಿದರ ಪಾಡು ಇದೇ. ಅವರನ್ನು ನಾವು ಇದಕ್ಕಾಗಿ ಕೀಳಾಗಿ ಕಾಣಬೇಕಿಲ್ಲ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಹಾಡನ್ನು ಕೊಲ್ಲಲು ಎರಡು ದಾರಿಗಳಿವೆ. ಒಂದು, ಅದನ್ನು ತಡೆಯುವುದು. ಇನ್ನೊಂದು, ಅದನ್ನು ನಿಲ್ಲಿಸದೆ ನುಡಿಸುವುದು. ಮೊದಲನೆಯದು ಎಂದೂ ಫಲಿಸಿಲ್ಲ. ತಡೆದ ಹಾಡಿಗೆ ಜನ ಕಿವಿ ನಿಮಿರಿಸುತ್ತಾರೆ. 'ಕವರ್ಸ್'ಗೆ ಆದದ್ದೇ ಅದು. ಎರಡನೆಯದು ಹೆಚ್ಚು ಅಪಾಯಕಾರಿ. ದಿನಕ್ಕೆ ನೂರು ಸಲ ಕೇಳಿದ ಹಾಡಿಗೆ ಕಿವಿ ಮುಚ್ಚಬೇಕಾಗಿಲ್ಲ, ಕಿವಿ ತಾನೇ ಮುಚ್ಚಿಕೊಳ್ಳುತ್ತದೆ. ತಾಯಿಯಿಲ್ಲದ ಮಗನೊಬ್ಬನ ದುಃಖ ಹಾಗೆ ಗೋಡೆಯ ಬಣ್ಣವಾಗಿಬಿಡುತ್ತದೆ.

ಆದರೂ ಇದೇ ಕೊನೆಯ ತೀರ್ಪಲ್ಲ. 2011ರಲ್ಲೇ ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು ನಡೆಯಿತು. ಸೈತೊ ಕಜುಯೋಷಿ ಎಂಬ ಗಾಯಕ 2010ರಲ್ಲಿ ಶಿಸೈಡೊ ಜಾಹೀರಾತಿಗೆ ಒಂದು ಪ್ರೇಮಗೀತೆ ಹಾಡಿದ್ದ. 'ಸದಾ ಪ್ರೀತಿಸಿದ್ದೆ' ಎಂಬರ್ಥದ ಹೆಸರು ಅದರದು. ಅಣು ದುರಂತ ನಡೆದು ಒಂದು ತಿಂಗಳೂ ತುಂಬುವ ಮೊದಲೇ ಆತ ಕಪ್ಪು ಕನ್ನಡಕ ಹಾಕಿ, ಗಿಟಾರ್ ಹಿಡಿದು, ತನ್ನದೇ ಧಾಟಿಗೆ ಹೊಸ ಮಾತು ಹಾಕಿ ಹಾಡಿದ. ಈ ಸಲದ ಹೆಸರು 'ಸದಾ ಸುಳ್ಳಾಗಿತ್ತು'. ಅಣುವಿದ್ಯುತ್ ಸುರಕ್ಷಿತವೆಂದು ಹೇಳುತ್ತ ಬಂದವರ ಮೇಲಿನ ನೇರ ಆರೋಪವದು. ಅಂತರ್ಜಾಲದಲ್ಲಿ ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಹಬ್ಬಿದ್ದೇಕೆ? ಜಾಹೀರಾತಿನ ದೆಸೆಯಿಂದ ಆ ಧಾಟಿ ಎಲ್ಲರ ನಾಲಗೆಯ ಮೇಲೆ ಮೊದಲೇ ಇತ್ತು. ಮಾತು ಬದಲಾದದ್ದು ತಕ್ಷಣ ತಿಳಿಯಿತು. ಬಂಡಾಯಗಾರನ ಹಾಡು ಅಂಗಡಿಗೆ ಹೋದ ವರ್ಷವೇ ಅಂಗಡಿಯ ಹಾಡೊಂದು ಬಂಡಾಯಕ್ಕೆ ಬಂತು. ಮಾರುಕಟ್ಟೆ ಹಾಸಿದ ರಸ್ತೆಯಲ್ಲಿ ಮಾರುಕಟ್ಟೆಯ ಗಾಡಿಗಳಷ್ಟೇ ಓಡಾಡಬೇಕೆಂದಿಲ್ಲ.

ಅಂಗಡಿಯೊಳಗಿನ ಕಿವಿಗಳ ಬಗ್ಗೆಯೂ ಹೇಳದಿದ್ದರೆ ಈ ಕತೆ ಅರ್ಧವಾಗುತ್ತದೆ. ಗಿರಾಕಿ ಐದು ನಿಮಿಷ ಕೇಳಿ ಹೊರಟುಹೋಗುತ್ತಾನೆ. ಗಲ್ಲಾದ ಹಿಂದೆ ನಿಂತವರು ಪಾಳಿ ಪೂರ್ತಿ ಕೇಳಬೇಕು. ಫ್ಯಾಮಿಲಿಮಾರ್ಟಿನ ಬಾಗಿಲು ತೆರೆದಾಗಲೆಲ್ಲ ಮೊಳಗುವ ಸಣ್ಣ ರಾಗವಿದೆ. 1978ರಲ್ಲಿ ಸಂಗೀತಗಾರ ಇನಾದ ಯಾಸುಶಿ ಕರೆಗಂಟೆಗೆಂದು ರಚಿಸಿದ್ದು ಅದು. ಹೆಸರು 'ಭರ್ಜರಿ ವ್ಯಾಪಾರ' ಎಂಬರ್ಥದ್ದು. ಎಷ್ಟು ಸಲ ಅದು ಮೊಳಗುತ್ತದೋ ಅಷ್ಟು ಸಲ ಕೆಲಸದವರು ಸ್ವಾಗತ ಹೇಳಬೇಕು. ಮುರಾತ ಸಯಾಕ ಎಂಬ ಲೇಖಕಿ 2016ರಲ್ಲಿ ಅಕುತಾಗಾವಾ ಪ್ರಶಸ್ತಿ ಪಡೆದ 'ಕೊಂಬಿನಿ ನಿಂಗೆನ್' ಕಾದಂಬರಿಯನ್ನು ಆರಂಭಿಸಿದ್ದೇ ಅಂಗಡಿಯ ಸದ್ದುಗಳಿಂದ. ಆಕೆ ಸ್ವತಃ ವರ್ಷಗಟ್ಟಲೆ ಕೊಂಬಿನಿಯಲ್ಲಿ ದುಡಿದವಳು. ಸದ್ದು ಹೇಗೆ ಮನುಷ್ಯನ ಮೈಯೊಳಗೆ ಇಳಿಯುತ್ತದೆಂದು ಬಲ್ಲವಳು.

2019ರ ಫೆಬ್ರವರಿಯಲ್ಲಿ ಹಿಗಾಶಿ ಒಸಾಕಾದ ಸೆವೆನ್ ಇಲೆವೆನ್ ಅಂಗಡಿಯ ಮಾಲೀಕನೊಬ್ಬ ಕೆಲಸಕ್ಕೆ ಜನ ಸಿಗದೆ, ಜೊತೆಗೆ ದುಡಿಯುತ್ತಿದ್ದ ಹೆಂಡತಿಯನ್ನೂ ಕಳೆದುಕೊಂಡು, ರಾತ್ರಿ ಒಂದರಿಂದ ಬೆಳಿಗ್ಗೆ ಆರರವರೆಗೆ ಬಾಗಿಲು ಹಾಕಲಾರಂಭಿಸಿದ. ಒಪ್ಪಂದದ ಪ್ರಕಾರ ಅದು ತಪ್ಪು. ದೇಶದಾದ್ಯಂತ ಚರ್ಚೆಯೆದ್ದಿತು. ಅದೇ ವರ್ಷ ಕಂಪನಿ ಕೆಲವು ಅಂಗಡಿಗಳಿಗೆ ರಾತ್ರಿ ಮುಚ್ಚಲು ಒಪ್ಪಿಗೆ ಕೊಟ್ಟಿತು. ಆದರೆ ಈ ಮಾಲೀಕನೊಂದಿಗಿನ ಒಪ್ಪಂದವನ್ನು, ಗಿರಾಕಿಗಳೊಡನೆ ಅವನ ನಡವಳಿಕೆ ಸರಿಯಿಲ್ಲವೆಂಬ ಕಾರಣ ಕೊಟ್ಟು, ವರ್ಷದ ಕೊನೆಗೆ ರದ್ದುಮಾಡಿತು. 2022ರಲ್ಲಿ ಒಸಾಕಾ ನ್ಯಾಯಾಲಯವೂ ಕಂಪನಿಯ ಪರವಾಗಿ ತೀರ್ಪಿತ್ತಿತು. ಈಗ ದೊಡ್ಡ ನಗರಗಳ ರಾತ್ರಿ ಪಾಳಿಯಲ್ಲಿ ನೇಪಾಳ, ವಿಯೆಟ್ನಾಂ ಮೊದಲಾದ ದೇಶಗಳ ವಿದ್ಯಾರ್ಥಿಗಳು ನಿಂತಿರುತ್ತಾರೆ. ಕಾನೂನಿನ ಪ್ರಕಾರ ಅವರು ಓದಿನ ದಿನಗಳಲ್ಲಿ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು.

ತನ್ನ ತಾಯಿಯನ್ನು ಸಾವಿರಾರು ಮೈಲಿ ದೂರದ ಊರಿನಲ್ಲಿ ಬಿಟ್ಟು ಬಂದು, ನಡುರಾತ್ರಿ ಅನ್ನದ ಉಂಡೆಗಳನ್ನು ಜೋಡಿಸುವ ಆ ಹುಡುಗ ಹುಡುಗಿಯರ ತಲೆಯ ಮೇಲೆ ಒಂದು ಧಾಟಿ ಹರಿಯುತ್ತಿರುತ್ತದೆ. ಅದರಲ್ಲಿ ಈಗ ಮಾತಿಲ್ಲ. ಇದ್ದಾಗ ಅದು, ತಾಯಿಯ ಮುಖವನ್ನೂ ನೆನೆಯಲಾರದ ಮಗನೊಬ್ಬನದಾಗಿತ್ತು. ಅವರಿಗೆ ಅದನ್ನು ಯಾರೂ ಹೇಳಿರಲಾರರು. ಹೇಳಿದ್ದರೆ ಪಾಳಿಯೇನೂ ಚಿಕ್ಕದಾಗುತ್ತಿರಲಿಲ್ಲ. ಆದರೆ ಆ ಹಾಡು ಮತ್ತೆ ಒಂದು ಸಲವಾದರೂ ಹಾಡಾಗಿ ಕೇಳಿಸುತ್ತಿತ್ತು.